ಮಹದೇವಸ್ವಾಮಿಯ ಕೈ, ಶಿವಶಂಕರನ ಕೈ

ಪಾಂಡವಪುರದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಒಂದೇ ಜಗಳ. ರಾಜಕೀಯದ್ದಲ್ಲ, ಬದುವಿನದ್ದೂ ಅಲ್ಲ, ಕೀಬೋರ್ಡಿನದ್ದು. ಶ್ರೀರಂಗಪಟ್ಟಣದ 'ರಂಗಸ್ವಾಮಿ ಮೆಲೋಡೀಸ್' ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಮಹದೇವಸ್ವಾಮಿ ದೊಡ್ಡವನೋ, ನಾಗಮಂಗಲದ 'ಮುಂಗಾರು ಆರ್ಕೆಸ್ಟ್ರಾ'ದ ಶಿವಶಂಕರ ದೊಡ್ಡವನೋ? ಎರಡೂ ಮೂವತ್ತು ವರ್ಷ ದಾಟಿದ ತಂಡಗಳು. ಗಣೇಶನ ಹಬ್ಬದಿಂದ ಹಿಡಿದು ರಾಜ್ಯೋತ್ಸವ ಮುಗಿಯುವ ತನಕ ಊರೂರು ತಿರುಗಿ ಹಾಡುವವರು. ಪೋಸ್ಟರಿನಲ್ಲಿ ಹಾಡುಗಾರರ ಫೋಟೋ ಇರುತ್ತದೆ, ಮಾಲೀಕನ ಫೋಟೋ ಇರುತ್ತದೆ. ಕೀಬೋರ್ಡಿನವನ ಫೋಟೋ ಮಾತ್ರ ಒಂದು ವರ್ಷವೂ ಬಂದಿಲ್ಲ. ಸೀಜನ್ನಿಗೆ ಕರೆಸಿಕೊಳ್ಳುವ ಆಳು ತಾನೇ, ಅವನ ಮುಖ ಯಾರಿಗೆ ಬೇಕು! ಆದರೆ ಟೀ ಅಂಗಡಿಯವರಿಗೆ ಮಾತ್ರ ಅವರಿಬ್ಬರೇ ಬೇಕು.

"ಮಾದೇಸ್ವಾಮಿ ಬೆರಳು ಇಕ್ಕುದ್ರೆ ಎದೆ ಕಿತ್ತು ಬತ್ತದೆ ಕಣ್ಲಾ" ಎನ್ನುವವನು ಮಂಚಯ್ಯ. ಚಿನಕುರಳಿಯ ರೈತ, ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ಬಂದು ಜಗಳವಾಡಿ ಹೋಗುವುದೇ ಅವನ ದಿನಚರಿ.

"ಬುಡ್ಲಾ ಬುಡ್ಲಾ, ಸಿವಸಂಕ್ರನ್ ಸ್ಪೀಡೆಲ್ಲಿ, ನಿಮ್ಮೋನ್ ಸ್ಪೀಡೆಲ್ಲಿ" ಎನ್ನುವವನು ಮುದ್ದಯ್ಯ. ಅವನು ಹುಟ್ಟಿದ್ದು ನಾಗಮಂಗಲದ ಕಡೆ, ಮಗಳ ಮನೆಗೆಂದು ಬಂದು ಇಲ್ಲೇ ಬೇರು ಬಿಟ್ಟವನು. ಇಬ್ಬರೂ ಮಾತು ಬಿಡುತ್ತಾರೆ, ಮರುದಿನ ಒಂದೇ ಬೆಂಚಿನ ಮೇಲೆ ಕೂರುತ್ತಾರೆ.

ಈ ಹೋಲಿಕೆಯಲ್ಲಿ ಒಂದು ತಮಾಷೆ ಇತ್ತು. ಮಹದೇವಸ್ವಾಮಿ ಶಿವಶಂಕರನನ್ನು ಒಮ್ಮೆಯೂ ಕೇಳಿರಲಿಲ್ಲ. ಹೇಗೆ ಕೇಳುವುದು? ಸೀಜನ್ನಿನಲ್ಲಿ ಇವನು ಭಾರತೀನಗರದಲ್ಲಿ ನುಡಿಸುತ್ತಿದ್ದರೆ ಅವನು ಬಿಂಡಿಗನವಿಲೆಯಲ್ಲಿ ನುಡಿಸುತ್ತಿರುತ್ತಾನೆ. ಇವನಿಗೆ ರಜೆ ಇದ್ದರೆ ಅವನಿಗೂ ರಜೆ. ಇಪ್ಪತ್ತು ವರ್ಷ ಜನ ಇಬ್ಬರನ್ನೂ ತಕ್ಕಡಿಗೆ ಹಾಕಿ ತೂಗಿದರು, ಆ ಇಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮಹದೇವಸ್ವಾಮಿಗೆ ಈಗ ಐವತ್ತೆಂಟು. ಚಿನಕುರಳಿಯ ಪಂಚಾಯ್ತಿಯಲ್ಲಿ ವಾಟರ್‌ಮ್ಯಾನ್. ಬೆಳಿಗ್ಗೆ ಐದಕ್ಕೆ ಎದ್ದು ವಾಲ್ವು ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು, ನೀರು ಬರಲಿಲ್ಲವೆಂದು ಹೆಂಗಸರು ಬೈದರೆ ಬೈಸಿಕೊಳ್ಳುವುದು ಅವನ ಕೆಲಸ. ಸಂಗೀತವನ್ನು ಯಾವ ಗುರುವಿನ ಹತ್ತಿರವೂ ಕಲಿತವನಲ್ಲ. ಟೇಪ್‌ರೆಕಾರ್ಡರಿನ ಮುಂದೆ ಕೂತು, ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಸುತ್ತಿ ಕಲಿತವನು. ಒಂದು ಹಳೆಯ ಪ್ರೇಮಗೀತೆಯ ಕ್ಯಾಸೆಟ್ಟು ಒಂದು ಕಡೆ ಸಿಕ್ಕಿಕೊಂಡು ಎಳೆದುಹೋಗಿತ್ತು. ಚರಣಕ್ಕೆ ಮೊದಲು ಬರುವ ಕೊಳಲಿನ ಕೊನೆಯ ಸ್ವರ ಅಲ್ಲಿ ಬಾಯಿ ಸೊಟ್ಟ ಮಾಡಿಕೊಂಡಂತೆ ಕೆಳಕ್ಕೆ ಜಾರುತ್ತಿತ್ತು. ಹಾಡೇ ಹಾಗಿದೆ ಅಂದುಕೊಂಡ ಮಹದೇವಸ್ವಾಮಿ, ಕೀಬೋರ್ಡಿನ ಎಡತುದಿಯ ಪುಟ್ಟ ಗಾಲಿಯನ್ನು ಹೊರಳಿಸಿ ಆ ಜಾರುವಿಕೆಯನ್ನೂ ಹಾಗೇ ಕಲಿತುಬಿಟ್ಟ. ಅದು ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು, ಅಷ್ಟರಲ್ಲಿ ಜನ ಅದಕ್ಕೇ ಶಿಳ್ಳೆ ಹಾಕುತ್ತಿದ್ದರು. ಆಮೇಲೆ ಅವನು ತಿದ್ದಿಕೊಳ್ಳಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ವಾರ, ವಾಲ್ವು ತಿರುಗಿಸುತ್ತಿದ್ದವನು ಹಾಗೇ ಕುಸಿದು ಕೂತ. ಬಲಗೈ ಬಟ್ಟೆಯ ಹಾಗೆ ಜೋತು ಬಿತ್ತು. ಆದಿಚುಂಚನಗಿರಿ ಆಸ್ಪತ್ರೆಯಲ್ಲಿ ಒಂಬತ್ತು ದಿನ. ಲಕ್ವ, ಪುಣ್ಯಕ್ಕೆ ಬೇಗ ಕರೆತಂದಿರಿ ಅಂದರು ಡಾಕ್ಟರು. ಮಾತು ಬಂತು, ನಡಿಗೆ ಬಂತು, ಕೈಯೂ ಬಂತು. ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಮಾತ್ರ ಹೇಳಿದ್ದನ್ನು ಸ್ವಲ್ಪ ತಡವಾಗಿ ಕೇಳುತ್ತಿದ್ದವು. ಮಹದೇವಸ್ವಾಮಿ ಅದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿ ಪ್ರಮೀಳಾಗೂ ಹೇಳಲಿಲ್ಲ. ಸಂಕ್ರಾಂತಿಯ ಕಾರ್ಯಕ್ರಮಕ್ಕೆ ಹೋಗಿ ಹೆದರುತ್ತಲೇ ನುಡಿಸಿದ. ನುಡಿಸುವವನಿಗೆ ಮಾತ್ರ ಕೇಳಲೆಂದು ಪಕ್ಕದಲ್ಲಿಟ್ಟಿದ್ದ ಮಾನಿಟರ್ ಸ್ಪೀಕರಿನಲ್ಲಿ ತನ್ನ ನುಡಿಸಾಣಿಕೆ ಅಲ್ಲಲ್ಲಿ ಎಡವುತ್ತಿರುವುದು ಅವನಿಗೇ ಕೇಳಿಸುತ್ತಿತ್ತು. ಆದರೆ ಏನಾಶ್ಚರ್ಯ! ಜನ ಹಿಂದೆಂದಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮಂಚಯ್ಯ ವೇದಿಕೆಗೇ ಹತ್ತಿ ಬಂದು ಕೆನ್ನೆ ಹಿಂಡಿದ.

"ಆಸ್ಪತ್ರೆಲಿ ಏನ್ ಕುಡಿಸುದ್ರಲಾ ನಿಂಗೆ? ಮೊದ್ಲಿಗಿಂತ ಸ್ಪೀಡಾಗ್ಬುಟ್ಟಿದ್ದೀಯ!"

ತನಗೆ ಎಡವಿದಂತೆ ಕೇಳಿಸುವುದು ಬರೀ ಕಾಯಿಲೆಯ ಭ್ರಮೆ ಅಂದುಕೊಂಡ ಮಹದೇವಸ್ವಾಮಿ. ಬದುಕಿಬಿಟ್ಟೆ ಅಂದುಕೊಂಡ. ಹತ್ತು ತಿಂಗಳು ಹಾಗೇ ನಡೆಯಿತು.

ಇಷ್ಟರಲ್ಲಿ ಕೆ.ಆರ್. ಪೇಟೆಯ ಆಟೋ ಚಾಲಕರ ಸಂಘದವರಿಗೆ ಒಂದು ಹುಚ್ಚು ಹತ್ತಿತು. ಈ ಸಲದ ರಾಜ್ಯೋತ್ಸವಕ್ಕೆ ಎರಡೂ ತಂಡಗಳನ್ನು ಒಂದೇ ವೇದಿಕೆಗೆ ಕರೆಸಬೇಕು, ಇಬ್ಬರು ಕೀಬೋರ್ಡಿನವರನ್ನೂ ಎದುರುಬದುರು ಕೂರಿಸಬೇಕು, ಯಾರು ದೊಡ್ಡವನೆಂದು ಜನವೇ ಹೇಳಲಿ. ಸಂಘದ ಅಧ್ಯಕ್ಷ ನೇರ ಮಹದೇವಸ್ವಾಮಿಗೇ ಫೋನು ಮಾಡಿದ. ಮಹದೇವಸ್ವಾಮಿ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡ. ಮಾಲೀಕ ರಂಗಸ್ವಾಮಿಗೆ ಹೇಳಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾರನ್ ಕೇಳಿ ಒಪ್ಕಂಡೆ ನೀನು?" ಅಂತ ರೇಗಿದ.

"ಯಾಕಣ್ಣ, ನಾನ್ ಸೋತೋಯ್ತೀನಿ ಅಂತಾನಾ?"

ರಂಗಸ್ವಾಮಿ ಎದ್ದು ಹೋದ. ವಯಸ್ಸಾಯ್ತು, ಭಯ ಪಡುತ್ತಾನೆ ಅಂದುಕೊಂಡು ಮಹದೇವಸ್ವಾಮಿ ಒಳಗೊಳಗೇ ನಕ್ಕ.

ಕೆ.ಆರ್. ಪೇಟೆಯ ಕಾರ್ಯಕ್ರಮಕ್ಕೆ ಇನ್ನು ಆರು ದಿನ ಇರುವಾಗ ಪಾಂಡವಪುರದಲ್ಲಿ ಒಂದು ಕಾರ್ಯಕ್ರಮವಿತ್ತು. ಅವನ ಮಗಳು ಅಕ್ಷಿತಾ, ಡಿಗ್ರಿ ಓದುವವಳು, ಅಪ್ಪನ ಕಾರ್ಯಕ್ರಮಕ್ಕೆ ಎಂದೂ ಬಾರದವಳು, ಆ ಸಲ ಗೆಳತಿಯರನ್ನು ಕಟ್ಟಿಕೊಂಡು ಬಂದಳು. ಜನರ ಮಧ್ಯೆ ನಿಂತು ಫೋನಿನಲ್ಲಿ ವಿಡಿಯೋ ಮಾಡಿದಳು. ಮರುದಿನ ಮಧ್ಯಾಹ್ನ ಅಪ್ಪ ಮುದ್ದೆ ಮುರಿಯುತ್ತಿರುವಾಗ ಪಕ್ಕದಲ್ಲಿ ಕೂತು ತೋರಿಸಿದಳು.

"ನೋಡಪ್ಪ, ನಿನ್ ಹಳೇ ಪ್ರೇಮಗೀತೆ. ನನ್ ಫ್ರೆಂಡ್ಸೆಲ್ಲ ಹುಚ್ಚೆದ್ದೋದ್ರು."

ಮಹದೇವಸ್ವಾಮಿ ಹೆಮ್ಮೆಯಿಂದ ಬಗ್ಗಿ ನೋಡಿದ. ಪರದೆಯಲ್ಲಿ ತನ್ನದೇ ಬೋಳುತಲೆ, ತನ್ನದೇ ಹಳದಿ ಅಂಗಿ. ಪಲ್ಲವಿ ಮುಗಿಯಿತು. ಕೊಳಲಿನ ತುಣುಕು ಬಂತು. ಕೊನೆಯ ಸ್ವರ ಬಂತು, ನೆಟ್ಟಗೆ ನಿಂತು ನೆಟ್ಟಗೇ ಮುಗಿಯಿತು.

ತುತ್ತು ಕೈಯಲ್ಲೇ ಉಳಿಯಿತು.

"ಇನ್ನೊಂದ್ಸಲ ಆಕವ್ವ" ಅಂದ.

ಅಕ್ಷಿತಾ ಹಾಕಿದಳು. ಅದೇ ನೆಟ್ಟಗಿನ ಸ್ವರ. ಆದರೆ ಪರದೆಯಲ್ಲಿ ಅವನ ಎಡಗೈ ಗಾಲಿಯನ್ನು ಹೊರಳಿಸುತ್ತಿತ್ತು! ಕೈ ಜಾರಿಸುತ್ತಿದೆ, ಸ್ವರ ಜಾರುತ್ತಿಲ್ಲ. ಅಯ್ಯೋ ಶಿವನೇ, ಇದೇನಿದು? ನಾಲ್ಕು ಸಲ ನೋಡಿದ, ಐದು ಸಲ ನೋಡಿದ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವನು ಆ ಸ್ವರವನ್ನು ನೆಟ್ಟಗೆ ನುಡಿಸಿರಲಿಲ್ಲ, ನಿನ್ನೆಯೂ ನುಡಿಸಿರಲಿಲ್ಲ. ನುಡಿಸಿದ್ದು ತಾನೇ ಆದರೆ ಕೇಳಿಸುತ್ತಿರುವುದು ಯಾರದು?

"ಯಾಕಪ್ಪ, ಬೆವರ್ತಾ ಇದ್ದೀಯ? ಅಮ್ಮಾ, ಬಾಮ್ಮಾ ಇಲ್ಲಿ!"

ಪ್ರಮೀಳಾ ಓಡಿ ಬಂದಳು. ಇನ್ನೊಂದು ಸಲ ಕಾಯಿಲೆ ಬಂತೇನೋ ಅಂತ ಅವಳ ಜೀವ ಹಾರಿಹೋಯಿತು. ಮಹದೇವಸ್ವಾಮಿ ಇಬ್ಬರಿಗೂ ಏನೂ ಹೇಳದೆ ಕೈ ತೊಳೆದು, ಟಿವಿಎಸ್ ಹತ್ತಿ ಗಂಜಾಂ ದಾರಿ ಹಿಡಿದ.

ಗಂಜಾಂನಲ್ಲಿ ನಿಮಿಷಾಂಬ ಗುಡಿಗೆ ಹೋಗುವ ರಸ್ತೆಯಲ್ಲಿ ಕುಮಾರನ ಸೌಂಡ್ ಸರ್ವಿಸ್ ಅಂಗಡಿ ಇದೆ. ಹದಿನೈದು ವರ್ಷದಿಂದ ತಂಡದ ಮಿಕ್ಸರ್ ಅವನ ಕೈಯಲ್ಲೇ. ಯಾರ ದನಿ ಎಷ್ಟು ಕೇಳಬೇಕು ಅನ್ನುವುದನ್ನು ತೀರ್ಮಾನಿಸುವವನು ಅವನು. ಮಹದೇವಸ್ವಾಮಿಯ ಮುಖ ನೋಡಿದ ಕೂಡಲೇ ಕುಮಾರನಿಗೆ ಅರ್ಥವಾಯಿತು. ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟ.

"ನನ್ ಲೈನು ಎಲ್ಲಿಗ್ ಓಯ್ತದೆ ಕುಮಾರ?"

"ಅಣ್ಣ, ಕೂತ್ಕಳಿ. ಟೀ ತರಿಸ್ತೀನಿ."

"ಟೀಗೆ ಬೆಂಕಿ ಬೀಳ! ನನ್ ಲೈನು ಎಲ್ಲಿಗ್ ಓಯ್ತದೆ ಅಂತ ಕೇಳ್ದೆ."

ಕುಮಾರ ನೆಲ ನೋಡುತ್ತ ಹೇಳಿದ. "ನಿಮ್ ಮಾನಿಟರಿಗೆ ಓಯ್ತದೆ ಅಣ್ಣ, ಬ್ಯಾರೇದು ಕೇಳ್ಬಾರ್ದು ಅಂತ ಅದ್ನ ಜೋರಾಗ್ ಇಟ್ಟಿರ್ತೀನಿ. ದೊಡ್ ಸ್ಪೀಕರಿಗೆ ಓಗಲ್ಲ. ಅದ್ರಲ್ಲಿ ಲ್ಯಾಪ್‌ಟಾಪಿಂದ ಟ್ರ್ಯಾಕ್ ಬತ್ತದೆ, ಮೊದ್ಲೇ ರೆಕಾರ್ಡ್ ಮಾಡಿಟ್ಟಿದ್ದು. ಸಂಕ್ರಾಂತಿಯಿಂದ ಅಂಗೇ."

ಮಹದೇವಸ್ವಾಮಿಗೆ ಗರ ಬಡಿದಂತಾಯಿತು. ಸಂಕ್ರಾಂತಿಯಿಂದ! ಹತ್ತು ತಿಂಗಳು ಬೆವರು ಸುರಿಸಿ ನುಡಿಸಿದ್ದು ತಾನೊಬ್ಬನೇ ಕೇಳಿಕೊಳ್ಳುವುದಕ್ಕೆ. ಹಾಡುಗಾರರಿಗೆ ಗೊತ್ತಿತ್ತು. ರಿದಮ್ ಪ್ಯಾಡ್ ಬಾರಿಸುವವನಿಗೆ ಗೊತ್ತಿತ್ತು. ಅವರೆಲ್ಲ ಪಕ್ಕದಲ್ಲೇ ನಿಂತು, ನಕ್ಕು, ಕಾರ್ಯಕ್ರಮ ಮುಗಿದ ಮೇಲೆ 'ಸೂಪರ್ ಮಾದೇಸ್ವಾಮಣ್ಣ' ಅಂದಿದ್ದರು. ನಾಚಿಕೆಯಿಂದ ಮಹದೇವಸ್ವಾಮಿ ಅಂಗಡಿಯ ಬಾಗಿಲ ಕಂಬ ಹಿಡಿದುಕೊಂಡ.

ಯಾರು ಫೋನು ಮಾಡಿದರೋ, ರಂಗಸ್ವಾಮಿ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದ. ಅವನ ಮನೆ ಅದೇ ಬೀದಿಯಲ್ಲಿ.

"ನಿನ್ ಮನೆ ಕಾಯ್ವೋಗ, ಎಂತಾ ಕೆಲ್ಸ ಮಾಡ್ಬುಟ್ಟೆಯಣ್ಣ!" ಅಂತ ಮಹದೇವಸ್ವಾಮಿ ಬೀದಿ ತುಂಬ ಕೇಳುವ ಹಾಗೆ ಕೂಗಿದ. "ಬ್ಯಾಡ ಅಂದಿದ್ರೆ ಮನೇಲಿರ್ತಿದ್ದೆ. ಗೊಂಬೆ ಮಾಡಿ ಕೂರಿಸ್ಬುಟ್ಟಲ್ಲ!"

ರಂಗಸ್ವಾಮಿ ಬೈಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ. "ಸಂಕ್ರಾಂತಿ ಪ್ರಾಕ್ಟೀಸಲ್ಲಿ ನಿನ್ ಕೈ ಕೇಳ್ದೆ ಕನಪ್ಪ. ಸತ್ತು ಬದುಕಿ ಬಂದೋನ್ಗೆ 'ನಾಳಿಂದ ಬರ್ಬ್ಯಾಡ' ಅನ್ನಕ್ಕೆ ನಾಲ್ಗೆ ಬರ್ನಿಲ್ಲ. ನಿನ್ ಬುಟ್ಟು ಬ್ಯಾರೆಯವ್ನ ಕೂರ್ಸಕ್ಕೂ ಮನಸ್ ಬರ್ನಿಲ್ಲ. ನಂಗೆ ತೋಚಿದ್ದು ಇಷ್ಟೇ."

"ಯಾರ್ ಕೈ ಅದು?"

ರಂಗಸ್ವಾಮಿ ಕುಮಾರನ ಮುಖ ನೋಡಿದ. ಕುಮಾರ ಗೋಡೆ ನೋಡಿದ.

"ಅದ್ ಯಾರ್ ಕೈ ಅಂದೆ!"

"ಸಿವಸಂಕ್ರಂದು."

ಎದುರಾಳಿಯ ಹತ್ತಿರ ಹೋಗಿ, ಅವನ ಕೈಯಲ್ಲಿ ಅರವತ್ತು ಹಾಡು ರೆಕಾರ್ಡ್ ಮಾಡಿಸಿಕೊಂಡು ತಂದಿದ್ದರು. ಹಾಗಾದರೆ ಹತ್ತು ತಿಂಗಳಿಂದ ಪಾಂಡವಪುರದ ಟೀ ಅಂಗಡಿಯಲ್ಲಿ ಮಂಚಯ್ಯನೂ ಮುದ್ದಯ್ಯನೂ ಗಂಟಲು ಹರಿದುಕೊಂಡು ಹೋಲಿಸುತ್ತಿದ್ದದ್ದು ಶಿವಶಂಕರನನ್ನು ಶಿವಶಂಕರನ ಜೊತೆಗೆ! ನಗು ಬರಬೇಕಾದ ಮಾತು. ಆ ಹೊತ್ತಿನಲ್ಲಿ ಮಹದೇವಸ್ವಾಮಿಗೆ ನಗು ಬರಲಿಲ್ಲ, ಅಳು ಬಂತು. ಐವತ್ತೆಂಟು ವರ್ಷದ ಗಂಡಸು ಸ್ಪೀಕರ್ ಡಬ್ಬದ ಮೇಲೆ ಕೂತು, ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆಮೇಲಿನ ನಾಲ್ಕು ದಿನ ಅವನು ಮನೆಯಲ್ಲಿ ನಾಲ್ಕು ಮಾತೂ ಆಡಲಿಲ್ಲ. ಬೆಳಿಗ್ಗೆ ನೀರು ಬಿಟ್ಟು ಬಂದು, ಬಾಗಿಲು ಹಾಕಿಕೊಂಡು ಕೀಬೋರ್ಡಿನ ಮುಂದೆ ಕೂರುತ್ತಿದ್ದ. ಮೂರು ಬೆರಳು ಸರಿಯಾಗಿ ಓಡುತ್ತವೆ, ಎರಡು ಹಿಂದೆ ಉಳಿಯುತ್ತವೆ. ಆ ಎರಡು ಬೆರಳನ್ನು ಬಿಟ್ಟು ನುಡಿಸಿ ನೋಡಿದ. ಹಾಡು ಬಡವಾಗಿತ್ತು, ಸತ್ತಿರಲಿಲ್ಲ. ವಿಷಯ ತಿಳಿದ ಪ್ರಮೀಳಾ ಬಾಗಿಲ ಹೊರಗಿನಿಂದ ಒಂದೇ ಮಾತು ಹೇಳಿದಳು. "ಉಸಾರಿಲ್ಲ ಅಂತ ಪೋನ್ ಮಾಡ್ಬುಡಿ. ಅಷ್ಟು ಜನ್ರ ಮುಂದೆ ಮಾನ ಕಳ್ಕಬ್ಯಾಡಿ." ರಂಗಸ್ವಾಮಿಯೂ ಫೋನು ಮಾಡಿದ. ಟ್ರ್ಯಾಕ್ ಇದೆ, ನೀನು ಕೈ ಆಡಿಸಿದರೆ ಸಾಕು, ಗೆದ್ದೇ ಗೆಲ್ಲುತ್ತೀಯ ಅಂದ. ಅದನ್ನು ಕೇಳಿ ಮಹದೇವಸ್ವಾಮಿಗೆ ಮೈಯೆಲ್ಲ ಉರಿಯಿತು. ಬರುತ್ತೇನೆ ಅಂತಷ್ಟೇ ಹೇಳಿ ಫೋನಿಟ್ಟ.

ಕೆ.ಆರ್. ಪೇಟೆಯಲ್ಲಿ ಸಂಜೆ ಆರಕ್ಕೇ ಜನ ಕಿಕ್ಕಿರಿದಿದ್ದರು. ಆಟೋಗಳಿಗೆಲ್ಲ ಹಳದಿ ಕೆಂಪು ಬಾವುಟ. ಮಂಚಯ್ಯ, ಮುದ್ದಯ್ಯ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು ಮೊದಲ ಸಾಲಿನಲ್ಲೇ ಕುರ್ಚಿ ಹಿಡಿದಿದ್ದರು. ವೇದಿಕೆಯ ಹಿಂದೆ, ಜನರೇಟರ್ ಗಾಡಿಯ ಪಕ್ಕದಲ್ಲಿ ಮಹದೇವಸ್ವಾಮಿ ನಿಂತಿದ್ದ. ನಲವತ್ತೈದರ ಒಬ್ಬ ಕಪ್ಪನೆಯ ಮನುಷ್ಯ ಬಂದವನೇ ಬಗ್ಗಿ ಕಾಲು ಮುಟ್ಟಿದ.

"ಅಣ್ಣ, ನಾನು ಸಿವಸಂಕ್ರ."

ಇಪ್ಪತ್ತು ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಎದುರಾಳಿ! ಮೀಸೆ ತಿರುವಿಕೊಂಡ ಜಟ್ಟಿಯಂಥವನು ಅಂದುಕೊಂಡಿದ್ದ. ಇವನು ನೋಡಿದರೆ ಪರೀಕ್ಷೆಗೆ ಬಂದ ಹುಡುಗನಿಗಿಂತ ಹೆಚ್ಚಾಗಿ ನಡುಗುತ್ತಿದ್ದ.

"ಎಲ್ಲ ಗೊತ್ತಾಯ್ತು ಕಣಪ್ಪ" ಅಂದ ಮಹದೇವಸ್ವಾಮಿ. "ಚೆನ್ನಾಗಿ ನುಡ್ಸಿದ್ದೀಯ. ಇವತ್ತು ಟ್ರ್ಯಾಕ್ ಬ್ಯಾಡ. ನೀನು ನಿನ್ ಕೈಲಿ ನುಡ್ಸು, ನಾನು ನನ್ ಕೈಲಿ ನುಡಿಸ್ತೀನಿ. ಸೋತ್ರೂ ನಾನೇ ಸೋಲ್ತೀನಿ, ಸರಿನಾ?"

ಶಿವಶಂಕರ ಸುತ್ತ ನೋಡಿದ. ಕೈ ಹಿಡಿದು ಗಾಡಿಯ ಮರೆಗೆ ಎಳೆದುಕೊಂಡು ಹೋದ.

"ಅಣ್ಣ, ದೊಡ್ ಸ್ಪೀಕರಿಗೆ ನಂದೂ ವೈರಿಲ್ಲ."

"ಏನಂದೆ?"

"ಎರಡ್ ವರ್ಸ ಆಯ್ತು. ಸ್ಟುಡಿಯೋಲಿ ನುಡಿಸ್ತೀನಿ, ರೆಕಾರ್ಡ್ ಮಾಡ್ಕತಾರೆ. ಸ್ಟೇಜಲ್ಲಿ ಅದ್ನೇ ಆಕ್ತಾರೆ. ತಪ್ಪಾಗ್ಬಾರ್ದು ಅಂತ ನಮ್ ಮಾಲೀಕ್ರು ಅಂಗ್ ಮಾಡುದ್ರು. ಸುರುವಲ್ಲಿ ಬ್ಯಾಡ ಅಂದೆ. ಆಮೇಲ್ ಅಬ್ಯಾಸ ಆಗೋಯ್ತು. ಈಗ ಜನ್ರ ಮುಂದೆ ನಿಜ್ವಾಗ್ ನುಡ್ಸು ಅಂದ್ರೆ... ನೋಡಿ." ಅವನು ಎರಡು ಕೈಯನ್ನೂ ಮುಂದೆ ಚಾಚಿದ. ಹತ್ತೂ ಬೆರಳು ಗಟ್ಟಿಯಾಗಿದ್ದ ಕೈ, ಕಾಯಿಲೆಯಿಲ್ಲದ ಕೈ, ಕಾಯಿಲೆಯವನ ಕೈಗಿಂತ ಹೆಚ್ಚಾಗಿ ಅದುರುತ್ತಿತ್ತು.

ಮಹದೇವಸ್ವಾಮಿ ಬಿಟ್ಟ ಕಣ್ಣು ಬಿಟ್ಟಂತೆ ನಿಂತ. ಆ ಕಡೆ ಜನ ಇಬ್ಬರ ಹೆಸರನ್ನೂ ಕೂಗುತ್ತಿದ್ದಾರೆ. ಈ ಕಡೆ ಇಬ್ಬರಿಗೂ ವೈರಿಲ್ಲ. ಇದಕ್ಕಿಂತ ನಗೆಪಾಟಲು ಇನ್ನೊಂದು ಉಂಟೇ!

"ಥೂ ನಮ್ ಜನ್ಮಕ್ಕೆ!" ಅಂದ. ಹಾಗಂದವನೇ ದಡದಡ ಕುಮಾರನ ಮಿಕ್ಸರಿನ ಹತ್ತಿರ ಹೋದ. "ನನ್ ಲೈನು ದೊಡ್ ಸ್ಪೀಕರಿಗೆ ಕೊಡು. ಟ್ರ್ಯಾಕ್ ಏನಾದ್ರೂ ಆಕುದ್ಯೋ, ಈ ಲ್ಯಾಪ್‌ಟಾಪು ಕಾಲ್ವೆ ಪಾಲು."

ಕುಮಾರ ರಂಗಸ್ವಾಮಿಯ ಕಡೆ ನೋಡಿದ. ರಂಗಸ್ವಾಮಿ ಕಣ್ಣು ಮುಚ್ಚಿ, ಆಗಲಿ ಅನ್ನುವಂತೆ ತಲೆಯಾಡಿಸಿದ.

ಮಹದೇವಸ್ವಾಮಿ ವೇದಿಕೆ ಹತ್ತಿ ಮೈಕು ತೆಗೆದುಕೊಂಡ. ಮೈಕಿನಲ್ಲಿ ಮಾತಾಡಿ ಅಭ್ಯಾಸವಿಲ್ಲ.

"ಕೇಳ್ರಪ್ಪ. ಸಂಕ್ರಾಂತಿಯಿಂದ ನಾನು ನುಡಿಸ್ತಿದ್ದೆ ಅಂತ ನೀವು ಚಪ್ಪಾಳೆ ಒಡುದ್ರಲ್ಲ, ಅದು ನಾನಲ್ಲ. ಈ ಸಿವಸಂಕ್ರಂದು ರೆಕಾರ್ಡು. ನಂಗೂ ಗೊತ್ತಿರ್ನಿಲ್ಲ. ನಂಗೆ ಕಾಯ್ಲೆ ಬಂದು ಎರಡ್ ಬೆರಳು ಸರಿಗಿಲ್ಲ. ಇವತ್ತು ನನ್ ಕೈಲಿ ನುಡಿಸ್ತೀನಿ. ಚೆಂದಾಗಿಲ್ದಿದ್ರೆ ಚೆಂದಾಗಿಲ್ಲ ಅನ್ನಿ."

ಸಂಘದ ಅಧ್ಯಕ್ಷ ಕೈಯಲ್ಲಿ ಶಾಲು ಹಿಡಿದುಕೊಂಡು ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಗುಜುಗುಜು ಎದ್ದಿತು. ಮೋಸ ಅಂದವರಿದ್ದರು, ಪಾಪ ಅಂದವರಿದ್ದರು. ಮೊದಲ ಸಾಲಿನಲ್ಲಿ ಮಂಚಯ್ಯ ಕುರ್ಚಿಯಿಂದ ಎದ್ದೇಬಿಟ್ಟ. ಮುಖ ಕೆಂಡದಂತಾಗಿತ್ತು.

"ಅಂಗಾರೆ ನಾನ್ ಯಾವನ್ಗೋಸ್ಕರ ಜಗಳಾಡ್ತಿದ್ನಲಾ?" ಅಂತ ಅರಚಿದ. ಮುದ್ದಯ್ಯ ಅವನ ಅಂಗಿ ಹಿಡಿದು ಕೂರಿಸಲು ನೋಡಿದ. ಮಂಚಯ್ಯ ಕೊಡವಿಕೊಂಡು ನಿಂತೇ ಇದ್ದ.

ಮಹದೇವಸ್ವಾಮಿ ಕೂತು ಶುರು ಮಾಡಿದ. ಮೊದಲ ಸ್ವರ ಆಳೆತ್ತರದ ಸ್ಪೀಕರುಗಳಿಂದ ಹೊರಟಾಗ ಅವನೇ ಬೆಚ್ಚಿಬಿದ್ದ. ಹತ್ತು ತಿಂಗಳ ಮೇಲೆ ತನ್ನ ಸದ್ದು ಬಯಲಿಗೆ ಬಂದಿತ್ತು. ಎಷ್ಟು ತೆಳುವಾಗಿದೆ, ಎಷ್ಟು ನಿಧಾನವಾಗಿದೆ! ಓಟದ ಜಾಗದಲ್ಲಿ ಎರಡು ಸ್ವರ ಬಿದ್ದೇಹೋದವು. ಹಾಡುವವಳು ಇವನಿಗಾಗಿ ಒಂದು ಗಳಿಗೆ ತಡೆದು ನಿಂತಳು. ಇನ್ನೊಂದು ಕಡೆ ಕಿರುಬೆರಳು ಕೀಬೋರ್ಡಿನ ತಪ್ಪು ಮನೆಗೆ ಹೋಯಿತು. ಅಪಸ್ವರ ಮೈದಾನದ ಕೊನೆಯ ಆಟೋದ ತನಕ ಕೇಳಿಸಿತು. ಎದ್ದು ಓಡಿಬಿಡೋಣ ಅನ್ನಿಸಿತು. ಆದರೂ ಬಿಡಲಿಲ್ಲ. ಆ ಎರಡು ಬೆರಳನ್ನು ಬಿಟ್ಟು, ಮೂರರಲ್ಲೇ ದಾರಿ ಮಾಡಿಕೊಂಡು ಹೋದ. ಎರಡನೆಯ ಚರಣದ ಹೊತ್ತಿಗೆ ಹಾಡುವವಳು ಇವನ ನಡಿಗೆಗೆ ಹೊಂದಿಕೊಂಡಿದ್ದಳು. ಹಾಡು ಮುಗಿಯಿತು.

ಜನರೇಟರಿನ ಸದ್ದೊಂದೇ. ಮಹದೇವಸ್ವಾಮಿ ತಲೆಯೆತ್ತದೆ ಕೂತಿದ್ದ. ಆಗಿದ್ದು ಆಗಿಹೋಯಿತು, ಇನ್ನು ಮನೆಗೆ ಹೋಗುವುದು ಅಂದುಕೊಂಡ.

"ಚೆಂದಾಗಿಲ್ಲ ಕಣ್ಲಾ ಮಾದೇಸ್ವಾಮಿ!" ಮಂಚಯ್ಯನ ದನಿ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಮೊದ್ಲಿನಂಗಿಲ್ಲ! ಅದ್ಕೇನೀಗ? ಇನ್ನೊಂದ್ ನುಡ್ಸಲಾ!"

ಆಗ ಚಪ್ಪಾಳೆ ಶುರುವಾಯಿತು. ಮುಂದಿನ ಸಾಲಿನಿಂದ ಹೊರಟು ಹಿಂದಿನ ಆಟೋಗಳ ತನಕ ಹೋಯಿತು. ಶಿಳ್ಳೆ ಬಂತು, ಆಟೋದ ಹಾರನ್ನುಗಳು ಬಂದವು. ಪಕ್ಕದಲ್ಲಿ ಶಿವಶಂಕರ ತನ್ನ ಕೀಬೋರ್ಡಿನ ವೈರನ್ನು ತಾನೇ ಕೈಯಲ್ಲಿ ಹಿಡಿದುಕೊಂಡು ಸಿಕ್ಕಿಸುವ ಜಾಗ ಹುಡುಕುತ್ತಿದ್ದ.

ಮಹದೇವಸ್ವಾಮಿಗೆ ನಂಬಿಕೆ ಬರಲಿಲ್ಲ. ಹತ್ತು ತಿಂಗಳು ಮೋಸ ಹೋದ ಕಿವಿ ಅದು. ಚಪ್ಪಾಳೆ ನಿಲ್ಲಲೇ ಇಲ್ಲ, ಇನ್ನೂ ಜೋರಾಯಿತು. ಅವನು ಮೆಲ್ಲಗೆ ಕತ್ತು ತಿರುಗಿಸಿ ಜನರ ಆಚೆ, ಮಿಕ್ಸರಿನ ಮುಂದೆ ನಿಂತಿದ್ದ ಕುಮಾರನ ಕಡೆ ನೋಡಿದ. ಈ ಚಪ್ಪಾಳೆನೂ ನಿನ್ ಟ್ರ್ಯಾಕೇನಾ ಅಂತ ಕಣ್ಣಲ್ಲೇ ಕೇಳಿದ.

ಕುಮಾರ ಲ್ಯಾಪ್‌ಟಾಪನ್ನು ಮುಚ್ಚಿ, ಎರಡೂ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದ.